ಪದಚರ್ಚೆ: ಎಂಎಸ್ ಚಿಕಿತ್ಸೆಯಲ್ಲಿ ‘ಬೇರೆ ಔಷಧಿ’ ಎಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಸ್ಟೀರಾಯ್ಡ್ ಚಿಕಿತ್ಸೆ ನಡೆಯುತ್ತಿರುವಾಗ ರೋಗಿ ತೆಗೆದುಕೊಳ್ಳುವ ಇನ್ನುಳಿದ ಮದ್ದುಗಳನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ಇಷ್ಟೇ ನನ್ನ ಪ್ರಶ್ನೆ. ಆದರೆ ಹಿನ್ನೆಲೆ ಸ್ವಲ್ಪ ಹೇಳಬೇಕು.

ನಾನು ಉಡುಪಿಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವ ಕೆಲವರ ಮನೆಯವರು ಮದ್ದಿಗೆ ನಮ್ಮಲ್ಲಿಗೆ ಬರುತ್ತಾರೆ. ಅವರ ಕೈಗೆ ಕೊಡಲು ಒಂದು ಪುಟದ ಕನ್ನಡ ಮಾಹಿತಿ ಬರೆಯುತ್ತಿದ್ದೇನೆ. ನರರೋಗ ತಜ್ಞರೊಬ್ಬರು ಅದನ್ನು ಓದಿ ತಿದ್ದಿಕೊಡಲು ಒಪ್ಪಿದ್ದಾರೆ. ವೈದ್ಯದ ವಿಷಯ ಅವರು ನೋಡಿಕೊಳ್ಳುತ್ತಾರೆ. ಪದಗಳ ಬಗ್ಗೆ ನಿಮ್ಮೆಲ್ಲರ ಸಹಾಯ ಬೇಕು.

ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಮೇಲಿರುವ ಮೈಲಿನ್ ಎಂಬ ಹೊದಿಕೆಯನ್ನು ಹಾಳು ಮಾಡುತ್ತದೆ. ಕೆಲವೇ ದಿನಗಳಲ್ಲಿ ಕಣ್ಣು ಮಂಜಾಗಬಹುದು, ಒಂದು ಕಾಲಿನ ಬಲ ಕುಗ್ಗಬಹುದು, ಮೈ ಜೋಮು ಹಿಡಿಯಬಹುದು. ಆಗ ಮಿಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಡ್ರಿಪ್ಸ್‌ನಲ್ಲಿ ಕೊಡುತ್ತಾರೆ. ಇದರಿಂದ ಚೇತರಿಕೆ ಬೇಗ ಆಗುತ್ತದೆ. ಆದರೆ ಇಂಥ ತೊಂದರೆ ಮತ್ತೆ ಬಾರದಂತೆ ತಡೆಯುವುದು ಈ ಡ್ರಿಪ್ಸ್‌ನ ಕೆಲಸವಲ್ಲ. ಅದಕ್ಕೆ ಇಂಟರ್‌ಫೆರಾನ್ ಬೀಟಾ ಇಂಜೆಕ್ಷನ್, ಡೈಮಿಥೈಲ್ ಫ್ಯೂಮರೇಟ್ ಕ್ಯಾಪ್ಸೂಲ್, ರಿಟುಕ್ಸಿಮ್ಯಾಬ್ ಇಂಥವು ಇವೆ. ಅವು ವರ್ಷಗಟ್ಟಲೆ ನಡೆಯುತ್ತವೆ. ಕಾಲು ಸೆಟೆದುಕೊಳ್ಳುವುದಕ್ಕೆ ಬ್ಯಾಕ್ಲೊಫೆನ್, ಮೂತ್ರದ ಅವಸರಕ್ಕೆ ಒಂದು ಮಾತ್ರೆ, ಹೀಗೆ ಇನ್ನಷ್ಟು ಇರುತ್ತವೆ.

ಈಗ ತೊಡಕಿನ ಜಾಗಕ್ಕೆ ಬರುತ್ತೇನೆ. ಇಂಗ್ಲಿಷ್ ಮಾಹಿತಿಯನ್ನು ಕನ್ನಡಕ್ಕೆ ತಂದವರೆಲ್ಲ ‘ಸ್ಟೀರಾಯ್ಡ್ ಜೊತೆಗೆ ಬೇರೆ ಔಷಧಿಗಳು’ ಎಂದೇ ಬರೆದಿರುತ್ತಾರೆ. ಓದಲು ಸರಿಯಾಗಿಯೇ ಇದೆ. ಆದರೆ ನಮ್ಮ ಕಡೆ ‘ಡಾಕ್ಟ್ರು ಬೇರೆ ಮದ್ದು ಕೊಟ್ಟಿದ್ದಾರೆ’ ಎಂದರೆ ಏನರ್ಥ? ಹಳೆಯದನ್ನು ಬಿಡಿಸಿ ಹೊಸದನ್ನು ಕೊಟ್ಟಿದ್ದಾರೆ ಎಂದೇ ಅರ್ಥ. ತುಳುವಿನಲ್ಲಿ ‘ಬೇತೆ ಮರ್ದ್’ ಎಂದರೂ ಹಾಗೆಯೇ ಕೇಳಿಸುತ್ತದೆ. ‘ಇತರ’ ಮತ್ತು ‘ಬದಲಿ’ ಎರಡೂ ಅರ್ಥ ‘ಬೇರೆ’ ಎಂಬ ಒಂದೇ ಪದದಲ್ಲಿ ಕೂತಿವೆ. ಮಾತಾಡುವಾಗ ಸಂದರ್ಭದಿಂದ ಗೊತ್ತಾಗುತ್ತದೆ. ಮಾಹಿತಿ ಚೀಟಿಯಲ್ಲಿ ಓದುವಾಗ ಗೊತ್ತಾಗುವುದಿಲ್ಲ.

ಇದು ಸುಮ್ನೆ ಪದದ ಮೇಲಿನ ಹಟ ಅಲ್ಲ. ಒಂದು ಮನೆಯವರು ಸ್ಟೀರಾಯ್ಡ್ ಡ್ರಿಪ್ಸ್ ಮುಗಿಸಿಕೊಂಡು ಬಂದ ಮೇಲೆ ವಾರದ ಇಂಟರ್‌ಫೆರಾನ್ ಇಂಜೆಕ್ಷನ್ ತೆಗೆದುಕೊಳ್ಳಲು ಬರಲೇ ಇಲ್ಲ. ಫೋನ್ ಮಾಡಿ ಕೇಳಿದೆ. “ಈಗ ಬೇರೆ ಮದ್ದು ಶುರುವಾಗಿದೆ ಅಲ್ವಾ, ಅದು ಇನ್ನು ಬೇಡ” ಎಂದರು. ವೈದ್ಯರು ಹಾಗೆ ಹೇಳಿರಲಿಲ್ಲ. ಬ್ಯಾಕ್ಲೊಫೆನ್ ವಿಷಯದಲ್ಲಿ ಹೀಗಾದರೆ ಇನ್ನೂ ಕಷ್ಟ. ಅದನ್ನು ಒಮ್ಮೆಗೇ ನಿಲ್ಲಿಸಿದರೆ ಸೆಳೆತ ಜಾಸ್ತಿಯಾಗುತ್ತದೆ, ಫಿಟ್ಸ್ ಕೂಡ ಬರಬಹುದು.

ಹಾಗಾಗಿ ನಾನು ‘ಬೇರೆ’ ಕೈಬಿಟ್ಟು ‘ಈಗಾಗಲೇ ನಡೆಯುತ್ತಿರುವ ಮದ್ದು’ ಎಂದು ಬರೆದಿದ್ದೇನೆ. ಉದ್ದವಾಯಿತು, ನಿಜ. ‘ಉಳಿದ ಮದ್ದು’ ಎಂದರೆ ಖರ್ಚಾಗದೆ ಡಬ್ಬಿಯಲ್ಲಿ ಉಳಿದದ್ದು ಎಂದುಕೊಂಡಾರು. ‘ನಿತ್ಯದ ಮದ್ದು’ ನನಗೆ ಇಷ್ಟ. ಆದರೆ ರಿಟುಕ್ಸಿಮ್ಯಾಬ್ ಅನೇಕರಿಗೆ ಆರು ತಿಂಗಳಿಗೊಮ್ಮೆ. ಅದನ್ನು ನಿತ್ಯದ್ದು ಎನ್ನುವುದು ಹೇಗೆ?

‘ಜೊತೆ’ಯ ವಿಷಯಕ್ಕೂ ಸ್ವಲ್ಪ ಗಮನ ಕೊಡಿ. ಕರಾವಳಿಯಲ್ಲಿ ನಾವು ‘ಜೊತೆ’ಗಿಂತ ‘ಒಟ್ಟಿಗೆ’ ಜಾಸ್ತಿ ಬಳಸುತ್ತೇವೆ. ‘ಸ್ಟೀರಾಯ್ಡ್ ಒಟ್ಟಿಗೆ ಇದನ್ನೂ ತೆಗೆದುಕೊಳ್ಳಿ’ ಎಂದರೆ ಒಂದೇ ಗುಟುಕಿಗೆ ನುಂಗುವವರಿದ್ದಾರೆ. ಒಂದೇ ಅವಧಿಯಲ್ಲಿ ಎರಡೂ ನಡೆಯಲಿ ಎಂಬುದು ಒಂದು ಮಾತು, ಒಂದೇ ಹೊತ್ತಿಗೆ ತೆಗೆದುಕೊಳ್ಳಿ ಎಂಬುದು ಇನ್ನೊಂದು. ಸ್ಟೀರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ನಂತರ ಕೊಡುತ್ತಾರೆ, ರಾತ್ರಿ ತೆಗೆದುಕೊಂಡರೆ ನಿದ್ದೆ ಕೆಡುತ್ತದೆ. ಬ್ಯಾಕ್ಲೊಫೆನ್ ಸಾಮಾನ್ಯವಾಗಿ ದಿನಕ್ಕೆ ಮೂರು ಹೊತ್ತು. ಇವೆರಡಕ್ಕೂ ‘ಒಟ್ಟಿಗೆ’ ಎಂದು ಬರೆದರೆ ಯಾರಿಗೂ ಸ್ಪಷ್ಟವಾಗದು.

ಪದ ಹುಡುಕುತ್ತಾ ಹೋದ ಹಾಗೆ ಒಂದು ಸಂಗತಿ ಕಂಡಿತು. ಸ್ಟೀರಾಯ್ಡಿಗೂ ಇನ್ನೊಂದು ಮದ್ದಿಗೂ ಇರುವ ಸಂಬಂಧ ಒಂದೇ ಬಗೆಯದ್ದಲ್ಲ. ‘ಸಂಯೋಜಿತ ಚಿಕಿತ್ಸೆ’ ಎಂಬ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬಿದರೆ ಓದುವವರಿಗೆ ಉಪಯೋಗವಿಲ್ಲ.

ಉದಾಹರಣೆಗೆ, ಹೊಟ್ಟೆಗೆ ತೊಂದರೆ ಆಗದಿರಲಿ ಎಂದು ಸ್ಟೀರಾಯ್ಡ್ ಕೊಡುವಾಗ ಪ್ಯಾಂಟೊಪ್ರಜೋಲ್ ಬರೆಯುತ್ತಾರೆ. ಜನ ಅದನ್ನು ‘ಗ್ಯಾಸ್ ಮಾತ್ರೆ’ ಎನ್ನುತ್ತಾರೆ. ನನಗೆ ಗ್ಯಾಸ್ ಇಲ್ಲವಲ್ಲ ಎಂದು ಬಿಟ್ಟೂ ಬಿಡುತ್ತಾರೆ! ತುಳುನಾಡಿನಲ್ಲಿ ಆಟಿ (ಆಷಾಢ) ಅಮಾವಾಸ್ಯೆಯ ದಿನ ಪಾಲೆ (ಹಾಲೆ) ಮರದ ಕೆತ್ತೆಯ, ಅಂದರೆ ತೊಗಟೆಯ ಕಷಾಯ ಕುಡಿದ ಮೇಲೆ ಅದರ ಉಷ್ಣಕ್ಕೆ ಮೆಂತೆ ಗಂಜಿ ಉಣ್ಣುತ್ತೇವಲ್ಲ, ಈ ಮಾತ್ರೆಯ ಪಾತ್ರವೂ ಅಂಥದ್ದೇ. ಇದಕ್ಕೆ ‘ಕಾವಲು ಮದ್ದು’ ಎಂದರೆ ಹೇಗೆ? ಆಯುರ್ವೇದ ಬಲ್ಲ ಗೆಳೆಯರೊಬ್ಬರು ‘ಅನುಪಾನ’ ಸೂಚಿಸಿದರು. ಅದು ಮದ್ದನ್ನು ತೆಗೆದುಕೊಳ್ಳಲು ಬಳಸುವ ಜೇನು, ತುಪ್ಪ, ಬಿಸಿನೀರು ಇಂಥದ್ದಕ್ಕೆ ಸಲ್ಲುವ ಪದ. ಇಲ್ಲಿಗೆ ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಬಗೆ ನೋಡಿ. ರಿಟುಕ್ಸಿಮ್ಯಾಬ್ ಅಥವಾ ಓಕ್ರೆಲಿಜುಮ್ಯಾಬ್ ಡ್ರಿಪ್ಸ್ ಏರಿಸುವ ಮೊದಲು, ಚಳಿ ಜ್ವರ, ತುರಿಕೆ ಬಾರದಿರಲಿ ಎಂದು ಅದೇ ಮಿಥೈಲ್ ಪ್ರೆಡ್ನಿಸೊಲೋನನ್ನು 100 ಮಿಲಿಗ್ರಾಂ ಕೊಡುತ್ತಾರೆ. ಕಾಯಿಲೆ ಜೋರಾದಾಗ ಕೊಡುವುದರ ಹತ್ತನೇ ಒಂದು ಪಾಲು. ಉದ್ದೇಶವೇ ಬೇರೆ. ಆದರೆ ಮನೆಯವರು ಎರಡಕ್ಕೂ ‘ಸ್ಟೀರಾಯ್ಡ್ ಕೊಟ್ಟರು’ ಎನ್ನುತ್ತಾರೆ, ಕಾಯಿಲೆ ಮತ್ತೆ ಜೋರಾಯಿತೇ ಎಂದು ಹೆದರುತ್ತಾರೆ. ಇದಕ್ಕೆ ‘ಮುಂಮದ್ದು’ ಎಂದು ಬರೆದು ನೋಡಿದೆ. ಉಚ್ಚರಿಸಲು ಕಷ್ಟ. ಸದ್ಯ ‘ಡ್ರಿಪ್ಸ್‌ಗೆ ಮೊದಲು ಕೊಡುವ ಮದ್ದು’ ಎಂದು ಇಟ್ಟಿದ್ದೇನೆ.

ಮೂರನೆಯದು ಒಂದು ಮದ್ದು ಇನ್ನೊಂದಕ್ಕೆ ಹೊಂದದಿರುವುದು. ನನಗೆ ಎಲ್ಲಕ್ಕಿಂತ ಮುಖ್ಯ ಇದು. ಪುಸ್ತಕಗಳಲ್ಲಿ ‘ಔಷಧಗಳ ಅಂತರ್‌ಕ್ರಿಯೆ’ ಎಂದಿರುತ್ತದೆ. ಕೌಂಟರ್‌ನ ಆಚೆ ನಿಂತವರಿಗೆ ಅದು ಮುಟ್ಟುವುದಿಲ್ಲ. ನಮ್ಮಲ್ಲಿ ‘ಅದಕ್ಕೆ ಇದು ಆಗುವುದಿಲ್ಲ’ ಎಂಬ ಮಾತು ಇದ್ದೇ ಇದೆ. ಮೀನು ತಿಂದು ಮೊಸರು ಆಗುವುದಿಲ್ಲ ಎಂದು ಅಜ್ಜಿಯಂದಿರು ಹೇಳುವಾಗ ಬಳಸುವ ಅದೇ ಕ್ರಿಯಾಪದ. ‘ಸ್ಟೀರಾಯ್ಡಿಗೆ ಆಗದ ಮದ್ದು’ ಎಂದರೆ ತಟ್ಟನೆ ಅರ್ಥವಾಗುತ್ತದೆ.

ಆದರೂ ಈ ‘ಆಗದು’ ಎಂಬುದರ ಒಳಗೂ ಎರಡು ಬಗೆ ಇವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಸ್ಟೀರಾಯ್ಡ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಎರಡೂ ಒಂದೇ ಕಡೆ ಪೆಟ್ಟು ಕೊಡುತ್ತವೆ. ಎಂಎಸ್‌ನಲ್ಲಿ ಮುಖದ ನರದ ನೋವಿಗೆ ಕೊಡುವ ಕಾರ್ಬಮಜೆಪೀನ್ ಹಾಗಲ್ಲ. ಅದು ಯಕೃತ್ತಿನಲ್ಲಿ ಸ್ಟೀರಾಯ್ಡ್ ಬೇಗ ಕರಗಿಹೋಗುವಂತೆ ಮಾಡಿ ಅದರ ಬಲ ತಗ್ಗಿಸುತ್ತದೆ. ಮೊದಲನೆಯದಕ್ಕೆ ‘ಆಗುವುದಿಲ್ಲ’, ಎರಡನೆಯದಕ್ಕೆ ‘ಬಲ ಕುಗ್ಗಿಸುತ್ತದೆ’ ಎಂದು ಬೇರೆಬೇರೆ ಹೇಳಿದರೆ ಒಳ್ಳೆಯದು. ವೈದ್ಯರು ತಿಳಿದೇ ಎರಡನ್ನೂ ಕೊಟ್ಟಿರಬಹುದು. ನನ್ನ ಮಾಹಿತಿ ಚೀಟಿ ನೋಡಿ ಯಾರೂ ತಾವಾಗಿ ಮಾತ್ರೆ ಬಿಡಬಾರದು. ಸಕ್ಕರೆ ಕಾಯಿಲೆ ಇರುವವರದ್ದು ಮತ್ತೊಂದು ಕತೆ. ಸ್ಟೀರಾಯ್ಡ್ ದಿನಗಳಲ್ಲಿ ಶುಗರ್ ಏರುತ್ತದೆ, ಇನ್ಸುಲಿನ್ ಪ್ರಮಾಣ ಬದಲಿಸಬೇಕಾಗಬಹುದು. ಅಲ್ಲಿ ‘ಆಗದು’ ಎನ್ನುವುದು ತಪ್ಪು, ‘ಹೊಂದಿಸಬೇಕು’ ಎನ್ನುವುದೇ ಸರಿ.

ಔಷಧಿ, ಮದ್ದು ಇವೆರಡರಲ್ಲಿ ಯಾವುದು? ನಾನು ‘ಮದ್ದು’ ಆರಿಸಲು ಕಾರಣವಿದೆ. ‘ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ’ ಎಂದರೆ ಇಂಗ್ಲಿಷ್ ಮಾತ್ರೆಗಳ ಹೆಸರು ಮಾತ್ರ ಹೇಳುತ್ತಾರೆ. ‘ಮದ್ದು’ ಎಂದು ಕೇಳಿದರೆ ಕಷಾಯವೂ ಹೊರಬರುತ್ತದೆ. ಕೆಮ್ಮಿಗೆ ಜ್ಯೇಷ್ಠಮಧು ಕಷಾಯ ಕುಡಿಯುವವರು ನಮ್ಮಲ್ಲಿದ್ದಾರೆ. ಜ್ಯೇಷ್ಠಮಧು ಜಾಸ್ತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಸ್ಟೀರಾಯ್ಡ್ ಕೂಡ ಅದನ್ನೇ ಮಾಡುತ್ತದೆ. ವೈದ್ಯರಿಗೆ ಇದು ಗೊತ್ತಾಗಬೇಕು. ‘ಮದ್ದು ಹಾಕಿದರು’ ಎಂದರೆ ನಮ್ಮ ಕಡೆ ಕೆಟ್ಟ ಅರ್ಥವಿದೆ ಎಂದು ಕೆಲವರು ಹೇಳಬಹುದು. ‘ಮದ್ದು ತೆಗೆದುಕೊಳ್ಳಿ’ ಎಂದರೆ ಆ ಅರ್ಥ ಬರುವುದಿಲ್ಲ.

ಇನ್ನೆರಡು ಪದ ಬೇಗ ಕೇಳಿಬಿಡುತ್ತೇನೆ. ಕಾಯಿಲೆ ಜೋರಾಗುವುದಕ್ಕೆ ‘ಮರುಕಳಿಕೆ’ ಎನ್ನೋಣವೇ, ‘ಉಲ್ಬಣ’ ಎನ್ನೋಣವೇ? ‘ಅಟ್ಯಾಕ್’ ಎಂದರೆ ಎಲ್ಲರೂ ಎದೆ ಮುಟ್ಟಿಕೊಳ್ಳುತ್ತಾರೆ. ‘ಪಲ್ಸ್ ಸ್ಟೀರಾಯ್ಡ್’ ಎಂಬುದನ್ನು ಒಂದು ಕಡೆ ‘ನಾಡಿ ಚಿಕಿತ್ಸೆ’ ಎಂದು ಬರೆದದ್ದು ನೋಡಿದೆ. ಅದು ಖಂಡಿತ ಬೇಡ. ಕೆಲವು ದಿನ ಮಾತ್ರ ಹೆಚ್ಚಿನ ಪ್ರಮಾಣದಲ್ಲಿ ಕೊಡುವುದು ಎಂದಷ್ಟೇ ಅದರ ಅರ್ಥ.

‘ಸಂಯೋಜಿತ ಚಿಕಿತ್ಸೆ’ಯನ್ನು ಒಂದೇ ಒಂದು ಕಡೆ ಉಳಿಸಿಕೊಳ್ಳಬಹುದು ಅನ್ನಿಸುತ್ತದೆ. ಇಂಟರ್‌ಫೆರಾನ್ ನಡೆಯುವಾಗ ತಿಂಗಳು ತಿಂಗಳೂ ಕೆಲವು ದಿನ ಸ್ಟೀರಾಯ್ಡ್ ಸೇರಿಸಿ ಕೊಟ್ಟರೆ ಹೆಚ್ಚು ಲಾಭವಿದೆಯೇ ಎಂದು ವಿದೇಶಗಳಲ್ಲಿ ಪರೀಕ್ಷಿಸಿದ್ದಾರೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಯಿಲೆ ಜೋರಾಗುವುದು ಕಡಿಮೆಯಾಗಿತ್ತು. 2010ರ ಇನ್ನೊಂದರಲ್ಲಿ ಅಂಗವೈಕಲ್ಯ ಹೆಚ್ಚುವುದನ್ನು ತಡೆಯಲು ಅದು ನೆರವಾಗಲಿಲ್ಲ. ಎರಡು ಮದ್ದು ಸೇರಿ ಒಂದೇ ಗುರಿಗೆ ದುಡಿಯುವ ಇಂಥ ಕಡೆ ಆ ಪದ ಒಪ್ಪುತ್ತದೆ.

ಬೆಂಗಳೂರು, ಧಾರವಾಡ, ಕಲಬುರಗಿ ಕಡೆಯವರು ಒಂದು ವಿಷಯ ತಿಳಿಸಿ. ‘ಬೇರೆ ಔಷಧಿ ಕೊಟ್ಟಿದ್ದಾರೆ’ ಎಂದರೆ ನಿಮ್ಮಲ್ಲೂ ಬದಲಿಸಿದ್ದಾರೆ ಎಂದೇ ಕೇಳಿಸುತ್ತದೆಯೇ? ಕುಂದಾಪುರದವರು, ಹವ್ಯಕ ಕನ್ನಡದವರು ಮನೆಯಲ್ಲಿ ‘ಈಗಾಗಲೇ ನಡೆಯುತ್ತಿರುವ ಮದ್ದು’ ಎಂಬುದಕ್ಕೆ ಚಿಕ್ಕ ಮಾತು ಬಳಸುತ್ತಿದ್ದರೆ ದಯವಿಟ್ಟು ಬರೆಯಿರಿ. ಮನೆಯ ಹಿರಿಯರನ್ನು ಕೇಳಿ ಬರೆದರೆ ಇನ್ನೂ ಸಂತೋಷ.

ವಂದನೆಗಳು,
ಉಡುಪಿಯಿಂದ