ಫಾಗ್ ಕಂಪ್ಯೂಟಿಂಗ್‌ಗೆ ‘ಮಂಜು’ ಬೇಡ, ‘ನೆಲಮೋಡ’ ಆಗಬಹುದಾ?

ಎಲ್ಲರಿಗೂ ನಮಸ್ಕಾರ,

ದಾವಣಗೆರೆಯ ಡಿಪ್ಲೊಮಾ ಹುಡುಗರಿಗಾಗಿ ಸ್ಮಾರ್ಟ್ ಸಿಟಿ ತಂತ್ರಜ್ಞಾನದ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ನಮ್ಮೂರೂ ಇತ್ತು, ಬೆಳಗಾವಿಯೂ ಇತ್ತು. ಸಿಗ್ನಲ್, ಕ್ಯಾಮೆರಾ, ಸೆನ್ಸರ್ ಯಾವುದೂ ಹುಡುಗರಿಗೆ ಹೊಸದಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ಫಾಗ್ ಕಂಪ್ಯೂಟಿಂಗ್ ಹತ್ತಿರ. ಅಂದರೆ ಎಲ್ಲ ಲೆಕ್ಕವನ್ನೂ ದೂರದ ಡೇಟಾ ಸೆಂಟರ್‌ಗೆ (ಕ್ಲೌಡ್‌ಗೆ) ಕಳಿಸದೆ, ಮಾಹಿತಿ ಹುಟ್ಟುವ ಜಾಗದ ಹತ್ತಿರದ ಕಂಪ್ಯೂಟರ್‌ನಲ್ಲೇ ಮಾಡುವುದು.

ಪದಕ್ಕೆ ಪದ ಇಟ್ಟರೆ ‘ಮಂಜು ಗಣನೆ’. ಇದು ನನಗೆ ಒಪ್ಪಿಗೆಯಿಲ್ಲ. ‘ಕಣ್ಣು ಮಂಜಾಯ್ತು’ ಅಂದ್ರೆ ಸರಿಯಾಗಿ ಕಾಣ್ತಿಲ್ಲ ಅಂತ ಅಲ್ವಾ? ಓದಿದವರು ಇದನ್ನು ಮಸುಕು ಮಸುಕಾದ ಲೆಕ್ಕ ಅಂದುಕೊಂಡಾರು. ‘ಇಬ್ಬನಿ’ ಹುಲ್ಲಿನ ಮೇಲೆ ಕೂರುವ ಹನಿ, ಅದೂ ಹೊಂದುವುದಿಲ್ಲ.

ಹೆಸರಿನ ಹಿಂದಿರುವುದು ಮಸುಕಲ್ಲ, ಹತ್ತಿರ ಅನ್ನುವ ಅರ್ಥ. ಸಿಸ್ಕೊ ಕಂಪನಿಯವರು 2012ರ ಹೊತ್ತಿಗೆ ಈ ಮಾತನ್ನು ಬಳಕೆಗೆ ತಂದರು. ಕ್ಲೌಡ್ ಅಂದರೆ ದೂರದ ಮೋಡ, ಫಾಗ್ ಅಂದರೆ ನೆಲಕ್ಕಿಳಿದ ಮೋಡ ತಾನೇ?

ನಮ್ಮೂರಿನ ಜಯದೇವ ಸರ್ಕಲ್‌ಗೆ ಆಂಬುಲೆನ್ಸ್ ಬಂತು ಅಂತಿಟ್ಟುಕೊಳ್ಳಿ. ನಾಲ್ಕೂ ದಿಕ್ಕಿನ ಕ್ಯಾಮೆರಾಗಳ ವಿಡಿಯೊ ಎಲ್ಲೋ ದೂರದ ಡೇಟಾ ಸೆಂಟರ್‌ಗೆ ಹೋಗಿ ಉತ್ತರ ಬರುವವರೆಗೆ ಕಾಯುವುದು ಯಾಕೆ? ಸರ್ಕಲ್ ಪಕ್ಕದ ಪೆಟ್ಟಿಗೆಯಲ್ಲೇ ಒಂದು ಕಂಪ್ಯೂಟರ್ ಇದ್ದರೆ ಅದೇ ನೋಡಿ ಹಸಿರು ದೀಪ ಕೊಡುತ್ತದೆ. ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಕ್ಲೌಡ್‌ಗೆ ಇಡೀ ವಿಡಿಯೊ ಕಳಿಸಬೇಕಿಲ್ಲ, ಎಷ್ಟು ಗಾಡಿ ಹೋದವು ಅನ್ನುವ ಲೆಕ್ಕ ಸಾಕು. ತಿಂಗಳುಗಟ್ಟಲೆ ಲೆಕ್ಕ ಕೂಡಿಟ್ಟು, ಯಾವ ಹೊತ್ತಿಗೆ ಯಾವ ರಸ್ತೆ ಕಟ್ಟಿಕೊಳ್ಳುತ್ತದೆ ಅಂತ ಹೇಳುವುದು ಕ್ಲೌಡ್ ಕೆಲಸ. ಎರಡೂ ಬೇಕು.

‘ಅಂಚಿನ ಗಣನೆ’ ಅನ್ನಬಹುದಲ್ಲ ಅಂತ ಕೇಳಬಹುದು. ಅದನ್ನು ಎಡ್ಜ್ ಕಂಪ್ಯೂಟಿಂಗ್‌ಗೆ ಇಟ್ಟುಕೊಳ್ಳೋಣ. ಲೆಕ್ಕ ಕ್ಯಾಮೆರಾದೊಳಗೇ ನಡೆದರೆ ಎಡ್ಜ್. ನಾಲ್ಕೂ ಕ್ಯಾಮೆರಾಗಳ ಮಾತು ಕೇಳಿ ತೀರ್ಮಾನಿಸುವ ಆ ಪೆಟ್ಟಿಗೆ ಫಾಗ್.

ನನಗೆ ಹೊಳೆದದ್ದು ‘ನೆಲಮೋಡ’. ಮಳೆಗಾಲದಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿಂದ ಮೋಡವಾಗಿ ಕಂಡದ್ದು ಮೇಲೆ ಹೋದರೆ ಮೈಗೇ ತಾಗುತ್ತದೆ. ಹೆಸರು ಕೇಳಿದ ಕೂಡಲೇ ಇದು ಮೋಡದ್ದೇ ಜಾತಿ, ಆದರೆ ನಮ್ಮ ಪಕ್ಕದಲ್ಲೇ ಇದೆ ಅಂತ ಗೊತ್ತಾಗುತ್ತದೆ.

ತೊಡಕು ಒಂದೇ. ಕ್ಲೌಡನ್ನು ‘ಕ್ಲೌಡ್’ ಅಂತಲೇ ಬಿಟ್ಟರೆ ನೆಲಮೋಡಕ್ಕೆ ಜೋಡಿಯೇ ಇಲ್ಲ. ಅದನ್ನು ‘ಮೋಡ’ ಅಂದರೆ, ದಿನಾ ಫೋನಿನಲ್ಲಿ ಕ್ಲೌಡ್ ಅಂತಲೇ ಓದುವ ಹುಡುಗರಿಗೆ ಕಷ್ಟ. ನೀವಾದರೆ ಯಾವುದನ್ನು ಉಳಿಸಿಕೊಳ್ಳುತ್ತೀರಿ? ಇನ್ನೊಂದು, ನೆಲಕ್ಕೆ ತಾಗಿ ನಿಲ್ಲುವ ಮೋಡಕ್ಕೆ ಮಲೆನಾಡಿನ ಕಡೆ ಬೇರೆ ಹೆಸರೇನಾದರೂ ಇದೆಯೇ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.