ಹಳೆಯ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮತ್ತು ಕಡಿಮೆ ಬೆಲೆಯ ಬಿಡಿಭಾಗಗಳು: ಬಲ್ಲವರ ಅನುಭವ

ಪ್ರಶ್ನೆ (ಬೈಂದೂರು ಕಡೆಯಿಂದ):
ನಮ್ಮ ನಾಡದೋಣಿಯಲ್ಲಿರುವುದು ಸೀಮೆಎಣ್ಣೆಯಲ್ಲಿ ಓಡುವ, 9.9 ಅಶ್ವಶಕ್ತಿಯ ಹಳೆಯ ಟೂ-ಸ್ಟ್ರೋಕ್ ಯಮಾಹಾ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ) ಎಂಜಿನ್. ಪೆಟ್ರೋಲಿನಲ್ಲಿ ಸರಿಯಾಗಿಯೇ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಬಿಸಿಯೇರಿ ವೇಗ ಕುಗ್ಗುತ್ತದೆ, ಎಂಜಿನ್ನನ್ನು ತಂಪಾಗಿಸಿ ಹೊರಬೀಳುವ ನೀರಿನ ಧಾರೆಯೂ ಸಣ್ಣದಾಗಿದೆ. ಜೂನ್ 1ರಿಂದ ಜುಲೈ 31ರ ವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಅವಕಾಶವಿರುವುದರಿಂದ ಮಳೆಗಾಲದ ಹೊತ್ತಿಗೆ ಇದು ಸಿದ್ಧವಾಗಲೇಬೇಕು. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲ. ಎಲ್ಲಿಂದ ಆರಂಭಿಸಲಿ, ಬಿಡಿಭಾಗಗಳಿಗೆ ಖರ್ಚು ಹೇಗೆ ತಗ್ಗಿಸಲಿ?

ಮಲ್ಪೆಯಿಂದ:
ತಾವು ಹೇಳಿದ ಲಕ್ಷಣಗಳಲ್ಲಿ ನೀರಿನ ಧಾರೆ ಸಣ್ಣದಾಗಿರುವುದೇ ಮುಖ್ಯವಾದದ್ದು. ಆದ್ದರಿಂದ ಕಾರ್ಬ್ಯುರೇಟರ್, ಕಾಯಿಲ್ ಎಂದು ಹಣ ಸುರಿಯುವ ಮೊದಲು ನೀರಿನ ಪಂಪನ್ನು ನೋಡಿ. ಅದಕ್ಕೂ ಮುಂಚೆ ಧಾರೆ ಬೀಳುವ ತೂತಿಗೆ ತೆಳು ತಂತಿ ಹಾಕಿ ಪರೀಕ್ಷಿಸಿ. ಉಪ್ಪು, ಮರಳು ಅಲ್ಲಿಯೇ ಕಟ್ಟಿಕೊಂಡಿರುವುದೂ ಉಂಟು. ಪಂಪನ್ನು ತಲುಪಲು ಎಂಜಿನ್ನಿನ ಕೆಳತುದಿಯ ಗೇರ್ ಪೆಟ್ಟಿಗೆಯನ್ನು (ಗೇರ್‌ಕೇಸ್) ಇಳಿಸಬೇಕು.

ಗೇರ್‌ಕೇಸಿನ ಬೋಲ್ಟುಗಳು ಉಪ್ಪುನೀರಿನಿಂದಾಗಿ ಅಲ್ಯೂಮಿನಿಯಂ ಒಳಗೆ ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಮರುದಿನ ಎಣ್ಣೆ ಒರೆಸಿ, ಪೆಟ್ರೋಲನ್ನು ದೂರವಿಟ್ಟು, ಬೋಲ್ಟಿನ ಸುತ್ತ ಹದವಾಗಿ ಬಿಸಿಮಾಡಿ, ಹಿಂದೆ ಮುಂದೆ ಆಡಿಸುತ್ತ ಬಿಡಿಸಬೇಕೇ ಹೊರತು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯಬಾರದು. ಬೋಲ್ಟು ತುಂಡಾದರೆ ಅದನ್ನು ಕೊರೆದು ತೆಗೆಸುವ ಖರ್ಚು ಇಂಪೆಲ್ಲರಿನ (ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರಿನ ಚಕ್ರ) ಬೆಲೆಯನ್ನು ಮೀರಬಹುದು. ಗೇರ್ ಬದಲಿಸುವ ರಾಡಿನ ಜೋಡಣೆಯನ್ನು ಕಳಚದೆ ಗೇರ್‌ಕೇಸ್ ಕೆಳಗಿಳಿಯದು. ಶಾಫ್ಟಿಗೂ ಇಂಪೆಲ್ಲರಿಗೂ ನಡುವೆ ಇರುವ ಚಿಕ್ಕ ಕೀ (ಎರಡನ್ನೂ ಒಟ್ಟಿಗೆ ಹಿಡಿದಿಡುವ ಲೋಹದ ತುಣುಕು) ದಡದ ಮರಳಿಗೆ ಬಿದ್ದರೆ ಮತ್ತೆ ಸಿಗುವುದಿಲ್ಲವಾದ್ದರಿಂದ ಕೆಳಗೆ ಬಟ್ಟೆ ಹಾಸಿಕೊಳ್ಳಿ. ರಬ್ಬರಿನ ಎಸಳುಗಳು ಒಂದೇ ಕಡೆಗೆ ಬಾಗಿ ಗಡುಸಾಗಿದ್ದರೆ ಇಂಪೆಲ್ಲರನ್ನು ಬದಲಿಸಲೇಬೇಕು. ಅದು ತಿರುಗುವ ಸ್ಟೀಲ್ ಬಟ್ಟಲಿನಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಬಟ್ಟಲನ್ನೂ ಬದಲಿಸಿ. ಹೊಸ ಇಂಪೆಲ್ಲರನ್ನು ಶಾಫ್ಟ್ ತಿರುಗುವ ದಿಕ್ಕಿನಲ್ಲಿಯೇ ತಿರುಗಿಸುತ್ತ ಕೂರಿಸಬೇಕು. ಪರೀಕ್ಷೆಯನ್ನು ನೀರು ತುಂಬಿದ ಡ್ರಮ್ಮಿನಲ್ಲಿಯೇ ಮಾಡಿ, ಒಣಗಿದ ಪಂಪನ್ನು ಒಂದು ಕ್ಷಣವೂ ಓಡಿಸಬೇಡಿ.

ಹೊನ್ನಾವರದಿಂದ:
ಬಿಡಿಭಾಗಗಳ ವಿಷಯವನ್ನಷ್ಟೇ ಹೇಳುತ್ತೇನೆ. ಅಂಗಡಿಯಲ್ಲಿ ‘ಯಮಾಹಾ 9.9ರದ್ದು ಕೊಡಿ’ ಎಂದರೆ ಸಾಲದು, ಬಿಡಿಭಾಗದ ಸಂಖ್ಯೆ ಬೇಕು. ಅದರ ಮೊದಲ ಮೂರು ಅಕ್ಷರಗಳು ಮಾದರಿಯನ್ನೂ ನಡುವಿನ ಐದು ಅಂಕೆಗಳು ಭಾಗವನ್ನೂ ಸೂಚಿಸುತ್ತವೆ. 63ವಿ-44352-01 ಎಂಬಲ್ಲಿ 44352 ಎಂದರೆ ಇಂಪೆಲ್ಲರ್. ಒಂದೇ ಸಂಖ್ಯೆಯ ಭಾಗ 9.9 ಮತ್ತು 15 ಅಶ್ವಶಕ್ತಿಯ ಎಂಜಿನ್ನುಗಳೆರಡಕ್ಕೂ ಹೊಂದುವುದುಂಟು. ಹೀಗಾಗಿ ಬಂದರಿನ ಗುಜರಿಯಲ್ಲಿ ಬಿದ್ದಿರುವ 15ರ ಎಂಜಿನ್ನಿನಿಂದ ಗೇರ್, ಬ್ರಾಕೆಟ್, ಕವರಿನಂತಹ ಲೋಹದ ಭಾಗಗಳನ್ನು ಅಗ್ಗವಾಗಿ ಪಡೆಯಬಹುದು. ರಬ್ಬರಿನದ್ದನ್ನು ಮಾತ್ರ ಗುಜರಿಯಿಂದ ತರಬೇಡಿ.

ಬೇರಿಂಗುಗಳಿಗೆ ಎಂಜಿನ್ ಕಂಪನಿಯ ಪೊಟ್ಟಣವೇ ಬೇಕೆಂದಿಲ್ಲ. ಬೇರಿಂಗಿನ ಮೇಲೆ 6205 ಎಂದಿದ್ದರೆ ಅದು 25 ಮಿ.ಮೀ. ಒಳವ್ಯಾಸ, 52 ಮಿ.ಮೀ. ಹೊರವ್ಯಾಸ, 15 ಮಿ.ಮೀ. ಅಗಲದ ಸಾಮಾನ್ಯ ಬೇರಿಂಗ್. ಯಾವುದೇ ಬೇರಿಂಗ್ ಅಂಗಡಿಯಲ್ಲಿ ಒಳ್ಳೆಯ ತಯಾರಿಕೆಯದು ದೊರೆಯುತ್ತದೆ. ಪ್ಲಗ್ಗಿನಲ್ಲಿ ಎಚ್ಚರ ಬೇಕು. ಎನ್‌ಜಿಕೆ ಬಿ7ಎಚ್‌ಎಸ್ ಪ್ಲಗ್ಗಿನ ಮರೆಯ (ತಿರುಪಿನ ಸುತ್ತುಗಳು, ಥ್ರೆಡ್) ಉದ್ದ 12.7 ಮಿ.ಮೀ.; ಅದರ ಬದಲು ಬೈಕಿನದ್ದೆಂದು 19 ಮಿ.ಮೀ.ನ ಬಿ7ಇಎಸ್ ಹಾಕಿದರೆ ಮರೆ ಹೊಂದಿದರೂ ತುದಿ ಪಿಸ್ಟನ್ನಿಗೆ ತಾಗುವ ಅಪಾಯವಿದೆ.

ಉಳ್ಳಾಲದಿಂದ:
ಹೊನ್ನಾವರದವರ ಮಾತಿಗೆ ಒಂದು ಸೇರ್ಪಡೆ: ಕ್ರ್ಯಾಂಕ್‌ಶಾಫ್ಟಿನ ಆಯಿಲ್ ಸೀಲಿನಲ್ಲಿ (ಶಾಫ್ಟಿನ ಸುತ್ತ ಸೋರಿಕೆ ತಡೆಯುವ ಬಳೆ) ಅಳತೆ ಸರಿಹೋಯಿತೆಂದು ಅಗ್ಗದ್ದನ್ನು ಹಾಕಬಾರದು. ಅಲ್ಲಿಂದ ಗಾಳಿ ಒಳಸೇರಿದರೆ ಟೂ-ಸ್ಟ್ರೋಕ್ ಎಂಜಿನ್ನಿಗೆ ಇಂಧನವೂ ಅದರೊಂದಿಗೆ ಬರುವ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಕಚ್ಚುತ್ತದೆ. ಜೊತೆಗೆ, ಇಷ್ಟು ಕಾಲ ಬಿಸಿಯೇರಿ ಓಡಿದ ಎಂಜಿನ್ನಾದ್ದರಿಂದ ಖರ್ಚು ಮಾಡುವ ಮುನ್ನ ಎರಡೂ ಸಿಲಿಂಡರುಗಳ ಕಂಪ್ರೆಶನ್ (ಪಿಸ್ಟನ್ ಮೇಲೇರಿದಾಗ ಒಳಗೆ ಉಂಟಾಗುವ ಒತ್ತಡ) ಅಳೆಸಿ. ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೆಡ್ ಗ್ಯಾಸ್ಕೆಟ್ಟು, ರಿಂಗು, ಬೋರು ಇವನ್ನೂ ನೋಡಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಗೇರ್‌ಕೇಸ್ ಇಳಿಸಿ ನೋಡಿದಾಗ ಇಂಪೆಲ್ಲರಿನ ಎರಡು ಎಸಳುಗಳು ತುಂಡಾಗಿದ್ದವು. ತುಂಡುಗಳು ಪಂಪಿನಲ್ಲಿ ಇಲ್ಲ. ಕಂಪ್ರೆಶನ್ ಎರಡರಲ್ಲೂ ಹೆಚ್ಚುಕಡಿಮೆ ಸಮವಾಗಿದೆ. ಹೊಸ ಇಂಪೆಲ್ಲರ್ ಹಾಕಿ ಜೋಡಿಸಲೇ?

ಮಲ್ಪೆಯಿಂದ:
ಈಗಲೇ ಜೋಡಿಸಬೇಡಿ. ಆ ತುಂಡುಗಳು ನೀರಿನೊಂದಿಗೆ ಮೇಲಕ್ಕೆ ಹೋಗಿ ಕೊಳವೆಯಲ್ಲೋ ಥರ್ಮೋಸ್ಟಾಟಿನ (ಬಿಸಿಯಾದಾಗ ತೆರೆದು ನೀರು ಬಿಡುವ ಕವಾಟ) ಬಳಿಯೋ ಸಿಕ್ಕಿಕೊಂಡಿರಬಹುದು. ಅವು ಅಲ್ಲಿದ್ದರೆ ಹೊಸ ಪಂಪಿಗೂ ಧಾರೆ ಬಾರದು. ಥರ್ಮೋಸ್ಟಾಟಿನ ಮುಚ್ಚಳ ತೆಗೆದು, ಮೇಲಿನಿಂದ ಕೆಳಕ್ಕೆ ಸಿಹಿನೀರನ್ನು ಪೈಪಿನಿಂದ ಹಾಯಿಸಿ. ತುಂಡುಗಳು ಕೆಳಗಿನ ಕೊಳವೆಯಿಂದ ಹೊರಬೀಳುವ ಸಾಧ್ಯತೆ ಹೆಚ್ಚು. ಥರ್ಮೋಸ್ಟಾಟನ್ನು ಬಿಸಿನೀರಿಗೆ ಹಾಕಿದಾಗ ಅದು ತೆರೆದುಕೊಳ್ಳದಿದ್ದರೆ ಅದನ್ನೂ ಬದಲಿಸಿ. ಬೋಲ್ಟುಗಳನ್ನು ಮರಳಿ ಹಾಕುವಾಗ ಮರೆಗಳಿಗೆ ನೀರು ತಡೆಯುವ ಗ್ರೀಸ್ ಸವರಿದರೆ ಮುಂದಿನ ಸಲ ಬಿಚ್ಚುವಾಗ ಬಿಸಿಮಾಡುವ ಕೆಲಸವಿರುವುದಿಲ್ಲ.