718 ಕೇಮನ್: ಎಸಿ ಉಳಿಸಿಕೊಂಡು 50 ಕೆ.ಜಿ. ಇಳಸೋದು ಸಾಧ್ಯ ಅದನ್ರಿ?

ಜೇವರ್ಗಿ_ಕ್ರಾಸ್, ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ ಪೋರ್ಶ 718 ಕೇಮನ್, 2 ಲೀಟರ್ ಟರ್ಬೊ, 300 ಪಿಎಸ್ (ಅಶ್ವಶಕ್ತಿ), ಪಿಡಿಕೆ ಅನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಕಂಪನಿ ಹೇಳೋ ತೂಕ 1,365 ಕೆ.ಜಿ. ದಿನಾ ಓಡಾಟ ಕಲಬುರಗಿ–ಹುಮನಾಬಾದ್ ರಸ್ತೆ ಮ್ಯಾಲ. ವರ್ಷಕ್ಕ ಎರಡು-ಮೂರು ಸಲ ಚೆನ್ನೈ ಹತ್ರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗ್ತದ. ಟ್ರೈಲರ್ ಇಲ್ಲ, ಓಡಿಸ್ಕೊಂಡೇ ಹೋಗಿ ಓಡಿಸ್ಕೊಂಡೇ ಬರಬೇಕು.

ಎಂಜಿನ್ ಮುಟ್ಟೋದು ಬ್ಯಾಡ ಅಂತ ತೀರ್ಮಾನ ಆಗ್ಯದ. ತೂಕ 50 ಕೆ.ಜಿ. ಇಳಸಬೇಕು. ಪಟ್ಟಿಯಾಗ ಇರೋದು: ಹಗುರ ಚಕ್ರ, ಲಿಥಿಯಂ ಬ್ಯಾಟರಿ, ಬಕೆಟ್ ಸೀಟು (ಮೈ ಹಿಡಿದು ಕೂಡಿಸೋ ರೇಸ್ ಸೀಟು), ಬ್ರೇಕ್ ಡಿಸ್ಕ್, ಸದ್ದು ತಡಿಯಾಕ ನೆಲಕ್ಕ ಅಂಟಿಸಿದ ಡಾಂಬರು ಹಾಳಿ ಕಿತ್ತೋದು, ಹಿಂದಿನ ಗಾಜಿನ ಜಾಗಕ್ಕ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್), ಪಕ್ಕದ ಸೀಟು ತೆಗೆಯೋದು. ಯಾವುದು ಮೊದಲ, ಯಾವುದು ಬ್ಯಾಡ? ಮತ್ತ ಎಪಿಎಂಸಿ ಕಾಟಾ ಮ್ಯಾಲ ತೂಗಿದ್ರ ಸಾಕಾಗ್ತದೋ?

ಬೀದರ್_ವರ್ಕ್‌ಶಾಪ್

ಕಾಟಾದಿಂದ ಶುರು ಮಾಡೋಣ್ರಿ, ಉಳಿದ ಲೆಕ್ಕ ಎಲ್ಲಾ ಅದರ ಮ್ಯಾಲೇ ನಿಂತದ. ತೊಗರಿ ಲಾರಿ ತೂಗೋ ಕಾಟಾ 5 ಇಲ್ಲಾ 10 ಕೆ.ಜಿ. ಹೆಜ್ಜಿಯೊಳಗ ತೋರಸ್ತದ. ನೀವು 4 ಕೆ.ಜಿ. ಉಳಿಸಿದ್ರ ಅದಕ್ಕ ಗೊತ್ತೇ ಆಗೋದಿಲ್ಲ. ಆದ್ರೂ ಒಂದು ಕೆಲಸಕ್ಕ ಬರ್ತದ: ಮುಂದಿನ ಎರಡು ಗಾಲಿ ಅಷ್ಟೇ ಹತ್ತಿಸಿ ಒಂದು ಚೀಟಿ, ಪೂರಾ ಗಾಡಿ ಹತ್ತಿಸಿ ಒಂದು ಚೀಟಿ ತಗೋರಿ. ಮುಂದ-ಹಿಂದ ತೂಕದ ಹಂಚಿಕಿ ತಿಳೀತದ. ಈ ಗಾಡಿಗೆ ಮುಂದ 45, ಹಿಂದ 55ರ ಹತ್ರ ಬರಬೇಕು. ಎರಡೂ ಸಲ ಪೆಟ್ರೋಲ್ ಅಷ್ಟೇ ಇರಬೇಕು, ಡ್ರೈವರ್ ಇಳಿದಿರಬೇಕು.

ಬಿಡಿ ಸಾಮಾನು ತೂಗಾಕ ಕಿರಾಣಿ ಹೋಲ್‌ಸೇಲ್ ಅಂಗಡಿಯಾಗ ಇರೋ 100 ಕೆ.ಜಿ. ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ತೆಗೆದಿದ್ದು, ಹಾಕಿದ್ದು ಎರಡೂ ತೂಗಿ ಒಂದು ನೋಟ್‌ಬುಕ್‌ನ್ಯಾಗ ಬರೀರಿ. ಬೋಲ್ಟು, ಬ್ರಾಕೆಟ್ಟು, ಅಡಾಪ್ಟರ್ ಸಹಿತ. ಮಾರೋರು ಹೇಳೋ ಉಳಿತಾಯದಾಗ ಬ್ರಾಕೆಟ್ ತೂಕ ಸೇರಿರೋದಿಲ್ಲ. ಸೀಟಿನ ವಿಷಯದಾಗ ಇದೇ ದೊಡ್ಡ ಮೋಸ: ಶೆಲ್ 6 ಕೆ.ಜಿ. ಇರ್ತದ, ಹಳಿ ಮತ್ತ ಪಕ್ಕದ ಪ್ಲೇಟು ಸೇರಿಸಿದ್ರ ಎರಡು ಪಟ್ಟು ಆಗ್ತದ.

ಪುಕ್ಕಟೆ ತೂಕ ಮೊದಲ ತೆಗೀರಿ. ಮಳೆಗಾಲ ಮುಗಿದ ಮ್ಯಾಲ ಚಕ್ರದ ಕಮಾನಿನ ಪ್ಲಾಸ್ಟಿಕ್ ಲೈನರ್ ಮತ್ತ ಕೆಳಗಿನ ಅಂಡರ್‌ಟ್ರೇ ಬಿಚ್ಚಿ ನೋಡ್ರಿ, ಎರಿಮಣ್ಣು ಗಟ್ಟಿಯಾಗಿ ಇಟ್ಟಂಗಿಯಂಗ ಕೂತಿರ್ತದ. ತೊಳೆದು ಒಣಗಿಸಿ ಹಂಗೇ ವಾಪಸ್ ಹಾಕ್ರಿ. ಟ್ರೇ ಬಿಸಾಡಬ್ಯಾಡ್ರಿ, ಗಾಡಿ ಕೆಳಗ ಗಾಳಿ ಸರಿಯಾಗಿ ಹರಿಯೋದು ಅದರಿಂದ.

ಪೆಟ್ರೋಲ್ ಲೀಟರಿಗೆ ಸುಮಾರು 0.75 ಕೆ.ಜಿ. ಟ್ರ್ಯಾಕ್‌ಗೆ ಇಳಿಯೋವಾಗ 25 ಲೀಟರ್ ಕಡಿಮಿ ಇದ್ರ 18-19 ಕೆ.ಜಿ. ಹೋಯ್ತು, ಖರ್ಚು ಸೊನ್ನೆ. ಕಾಲು ಟ್ಯಾಂಕ್‌ಕಿಂತ ಕೆಳಗ ಮಾತ್ರ ಹೋಗಬ್ಯಾಡ್ರಿ. ಉದ್ದನೆ ತಿರುವಿನ್ಯಾಗ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೀತದ, ಎಂಜಿನ್ ತಡವರಿಸ್ತದ.

ಆಮ್ಯಾಲ ರೊಕ್ಕ ಹಾಕೋದು ಚಕ್ರಕ್ಕ. ಯಾವ ಇಂಚು ಹಾಕೀರಿ ಅಂತ ಹೇಳ್ರಿ, ಆಮ್ಯಾಲ ಮುಂದಿನ ಮಾತು.

ಭೀಮಾ_ದಂಡೆ, ಯಾದಗಿರಿ

50 ಎಂಬ ಸಂಖ್ಯೆಯನ್ನೇ ಮೊದಲು ನೋಡಬೇಕು. 2011ರ ಕೇಮನ್ ಆರ್ ಅನ್ನು ಕಂಪನಿಯೇ ಹಗುರ ಮಾಡಿತ್ತು: ಕೇಮನ್ ಎಸ್‌ಗಿಂತ 55 ಕೆ.ಜಿ. ಕಡಿಮೆ, ಒಟ್ಟು 1,295 ಕೆ.ಜಿ. ಅಷ್ಟು ಇಳಿಸಲು ಅಲ್ಯೂಮಿನಿಯಂ ಬಾಗಿಲು, ಹಗುರ ಬಕೆಟ್ ಸೀಟು, ಹಗುರ ಚಕ್ರ ಹಾಕಿ, ಎಸಿಯನ್ನೂ ರೇಡಿಯೊವನ್ನೂ ಕಿತ್ತುಹಾಕಬೇಕಾಯಿತು. ನಿಮ್ಮ 718ರಲ್ಲಿ ಬಾಗಿಲು ಆಗಲೇ ಅಲ್ಯೂಮಿನಿಯಂ, ಆ ಉಳಿತಾಯ ಮುಗಿದಿದೆ. ಎಸಿ ತೆಗೆಯುವುದಿಲ್ಲ ಎಂದಿದ್ದೀರಿ, ಸರಿಯಾದ ನಿರ್ಧಾರ. ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ ಏರುವ ಊರಲ್ಲಿ, ಬೆನ್ನ ಹಿಂದೆಯೇ ಎಂಜಿನ್ ಇರುವ ಗಾಡಿಯಲ್ಲಿ ಎಸಿ ಇಲ್ಲದೆ ಚಾಲಕನ ಗಮನ ನಿಲ್ಲುವುದಿಲ್ಲ. ಅದೇ ಕಾರಣಕ್ಕೆ ನೆಲದ ಡಾಂಬರು ಹಾಳೆಯನ್ನೂ ಬಿಡಿ. ಅದನ್ನು ಕೀಳಲು ಒಣ ಮಂಜುಗಡ್ಡೆ ಹಾಕಿ ಗಟ್ಟಿ ಮಾಡಿ ಸುತ್ತಿಗೆಯಿಂದ ಒಡೆಯುತ್ತಾರೆ. ಮೈನಸ್ 78 ಡಿಗ್ರಿಯ ವಸ್ತು, ಕೈಗವಸು ಬೇಕು, ಬಾಗಿಲು ತೆರೆದಿರಬೇಕು, ಇಲ್ಲದಿದ್ದರೆ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಸಿರು ಕಟ್ಟುತ್ತದೆ. ಇಷ್ಟೆಲ್ಲ ಮಾಡಿ ಸಿಗುವುದು ಕೆಲವೇ ಕೆ.ಜಿ. ಕಳೆದುಕೊಳ್ಳುವುದು ಮಾತ್ರ ಹೆಚ್ಚು: ನಾಲ್ಕು ಗಂಟೆಯ ಪ್ರಯಾಣದಲ್ಲಿ ತಲೆ ಚಿಟ್ಟು ಹಿಡಿಸುವ ಸದ್ದು, ಪಾದದಡಿಯ ಬಿಸಿ.

ಎಸಿ ಇಟ್ಟುಕೊಂಡು, ಏರ್‌ಬ್ಯಾಗ್ ಉಳಿಸಿಕೊಂಡು ಈ ಗಾಡಿಯಲ್ಲಿ 35ರಿಂದ 40 ಕೆ.ಜಿ. ಪ್ರಾಮಾಣಿಕ ಗುರಿ. 40 ಇಳಿದರೆ ಎಷ್ಟು ಲಾಭ? 75 ಕೆ.ಜಿ. ಚಾಲಕನ ಸಮೇತ 1,440 ಇದ್ದದ್ದು 1,400 ಆಗುತ್ತದೆ. ವೇಗ ಹಿಡಿಯುವಾಗ ಅದು ಸುಮಾರು 8-9 ಪಿಎಸ್ ಹೆಚ್ಚಿಸಿದ್ದಕ್ಕೆ ಸಮ. ಅಷ್ಟು ಪಿಎಸ್ ಅನ್ನು ಎಂಜಿನ್ ಟ್ಯೂನ್ ಮಾಡಿಯೂ ಪಡೆಯಬಹುದು, ಆದರೆ ಟ್ಯೂನ್ ಮಾಡಿದರೆ ಬ್ರೇಕಿಗೆ ಕೆಲಸ ಹೆಚ್ಚುತ್ತದೆ, ತೂಕ ಇಳಿಸಿದರೆ ಕಡಿಮೆಯಾಗುತ್ತದೆ. ಗಂಟೆಗೆ 180 ಕಿ.ಮೀ.ನಿಂದ ಒಮ್ಮೆ ಪೂರಾ ನಿಲ್ಲಿಸಿದರೆ 40 ಕೆ.ಜಿ.ಗೆ 50,000 ಜೂಲ್ ಶಾಖ ಉಳಿಯಿತು. ಪ್ರತಿ ಸುತ್ತಿನಲ್ಲಿ ಹಲವು ಸಲ ಬ್ರೇಕ್ ಒತ್ತುವ ಟ್ರ್ಯಾಕಿನಲ್ಲಿ ಪ್ಯಾಡಿನ ಆಯುಸ್ಸು ಇದರ ಮೇಲೆ ನಿಂತಿದೆ.

ಚಕ್ರಕ್ಕೆ ಮೊದಲ ಸ್ಥಾನ ಯಾಕೆ ಎಂದರೆ, ಅದು ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಟೈರಿನ ಹೊರಮೈಯಲ್ಲಿರುವ ಒಂದು ಕೆ.ಜಿ. ವೇಗ ಹಿಡಿಯುವಾಗ ಹೆಚ್ಚುಕಡಿಮೆ ಎರಡು ಕೆ.ಜಿ.ಯಂತೆ ವರ್ತಿಸುತ್ತದೆ. ಒಳಕ್ಕೆ ಬಂದಂತೆ ಆ ಪರಿಣಾಮ ಬೇಗ ಇಳಿಯುತ್ತದೆ. ಆದ್ದರಿಂದ ಬ್ರೇಕ್ ಡಿಸ್ಕ್ ಹಗುರವಾದರೆ ತಿರುಗುವ ಲಾಭ ಸ್ವಲ್ಪವೇ. ಅಲ್ಲಿ ಸಿಗುವುದು ಬೇರೆ ಲಾಭ: ಸ್ಪ್ರಿಂಗಿನ ಕೆಳಗಿನ ತೂಕ ಕಡಿಮೆಯಾಗಿ, ಅಲೆ ಎದ್ದ ರಸ್ತೆಯಲ್ಲಿ ಟೈರು ನೆಲ ಬಿಡದೆ ಓಡುತ್ತದೆ. ಎರೆಭೂಮಿಯ ಮೇಲಿನ ನಮ್ಮ ರಸ್ತೆಗಳಿಗೆ ಇದು ಟ್ರ್ಯಾಕಿಗಿಂತ ಹೆಚ್ಚು ಬೇಕಾದದ್ದು. ಅಲ್ಯೂಮಿನಿಯಂ ಟೊಪ್ಪಿಗೆಯ ಎರಡು ತುಂಡಿನ ಡಿಸ್ಕ್ ಮುಂದಿನ ಜೋಡಿಗೆ ಹಾಕಿ. ಎರಡು ತುಂಡನ್ನು ಸ್ವಲ್ಪ ಸಡಿಲವಾಗಿ ಜೋಡಿಸುವ ತೇಲುವ ಬಾಬಿನ್ (ಗುಂಡಿ) ಇರುವಂಥದ್ದಾದರೆ ಧೂಳು ಸೇರಿ ಟಕಟಕ ಅನ್ನುತ್ತದೆ, ಆರು ತಿಂಗಳಿಗೊಮ್ಮೆ ಗಾಳಿ ಹೊಡೆದು ತೆಗೆಯಬೇಕು.

ಬ್ಯಾಟರಿ. ಪೋರ್ಶ 2010ರಲ್ಲೇ 911 ಜಿಟಿ3 ಮತ್ತು ಬಾಕ್ಸ್‌ಟರ್ ಸ್ಪೈಡರ್‌ಗೆ 6 ಕೆ.ಜಿ.ಯೊಳಗಿನ ಲಿಥಿಯಂ ಬ್ಯಾಟರಿ ಕೊಟ್ಟಿತು, ಸೀಸದ್ದಕ್ಕಿಂತ 10 ಕೆ.ಜಿ. ಹಗುರ. ಒಂದೇ ಸಾಮಾನಿನಲ್ಲಿ 10 ಕೆ.ಜಿ. ಸುಲಭಕ್ಕೆ ಸಿಗುವುದಿಲ್ಲ. ಆದರೆ ಪೆಟ್ಟಿಗೆಯ ಮೇಲೆ 60 ಎಎಚ್ (ಆಂಪಿಯರ್-ಗಂಟೆ, ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ‘ಸಮಾನ’ ಎಂದು ಬರೆದಿದ್ದರೆ ಒಳಗೆ ನಿಜವಾಗಿ ಇರುವುದು 20ರ ಹತ್ತಿರ ಇರಬಹುದು. ನಿಂತ ಗಾಡಿ 30 ಮಿಲಿಆಂಪ್ ಎಳೆದರೆ ದಿನಕ್ಕೆ 0.72 ಎಎಚ್, ತಿಂಗಳಿಗೆ 21.6. ಅಂದರೆ ಒಂದು ತಿಂಗಳು ನಿಲ್ಲಿಸಿದರೆ ಖಾಲಿ. ನಿಜವಾದ ಎಎಚ್ ಕೇಳಿ ಕೊಳ್ಳಿ. ಚಾರ್ಜರ್ 14.6 ವೋಲ್ಟ್ ಮೀರಬಾರದು. ಸೀಸದ ಬ್ಯಾಟರಿಗೆಂದು ಮಾಡಿದ ಚಾರ್ಜರಿನ ಡೀಸಲ್ಫೇಶನ್ (ಸೀಸದ ಫಲಕ ಚೊಕ್ಕ ಮಾಡುವ) ಮೋಡ್ 15 ವೋಲ್ಟ್ ದಾಟುತ್ತದೆ, ಲಿಥಿಯಂ ಬ್ಯಾಟರಿಯ ನಿಯಂತ್ರಣ ಬೋರ್ಡ್ ಅದರಿಂದಲೇ ಸುಡುವುದು. ನಿಮ್ಮ ಗಾಡಿಯಲ್ಲಿ ಬ್ಯಾಟರಿ ಮುಂದೆ, ವಿಂಡ್‌ಸ್ಕ್ರೀನ್ ಬುಡದಲ್ಲಿದೆ. ಎಂಜಿನ್ ಬಿಸಿ ತಾಗದ ಜಾಗ, ಅದು ಅನುಕೂಲವೇ.

ಸರ್ವೇಯರ್_ಕಲಬುರಗಿ

ಸೀಟು ಮತ್ತು ಗಾಜಿನ ಬಗ್ಗೆ ಮಾತ್ರ ಹೇಳುವೆ, ಜೀವಕ್ಕೂ ಕಾಗದಕ್ಕೂ ತೊಂದರೆ ಬರುವುದು ಅಲ್ಲಿಯೇ.

718ರ ಸೀಟಿನ ಪಕ್ಕದಲ್ಲೇ ಎದೆ ಕಾಯುವ ಏರ್‌ಬ್ಯಾಗ್ ಇದೆ. ಮಾರುಕಟ್ಟೆಯ ಬಕೆಟ್ ಸೀಟು ಹಾಕಿದರೆ ಅದು ಹೋಯಿತು. ಎಚ್ಚರಿಕೆ ದೀಪ ಆರಿಸಲು ಕನೆಕ್ಟರಿಗೆ ರೆಸಿಸ್ಟರ್ ಸಿಕ್ಕಿಸಿ ಕೊಡುತ್ತಾರೆ. ಹಾಗೆ ಮಾಡಿದರೆ ಇಲ್ಲದ ಏರ್‌ಬ್ಯಾಗ್ ಇದೆ ಎಂದು ಗಾಡಿ ನಂಬಿ ಕೂರುತ್ತದೆ, ದಯವಿಟ್ಟು ಬೇಡ. ಕಂಪನಿಯದೇ ಫುಲ್ ಬಕೆಟ್ ಸೀಟು ಏರ್‌ಬ್ಯಾಗ್ ಸಮೇತ ಬರುತ್ತದೆ. ದುಬಾರಿ, ಆದರೆ ರಸ್ತೆಯಲ್ಲಿ ಓಡುವ ಗಾಡಿಗೆ ಅದೊಂದೇ ದಾರಿ. ಯಾವ ಸೀಟು ಬಿಚ್ಚುವುದಾದರೂ ಬ್ಯಾಟರಿಯ ನೆಗೆಟಿವ್ ಕಳಚಿ, ಹತ್ತು ನಿಮಿಷ ಬಿಟ್ಟು, ಆಮೇಲೆ ಹಳದಿ ಕನೆಕ್ಟರಿಗೆ ಕೈ ಹಾಕಿ. ಕನೆಕ್ಟರ್ ಬಿಚ್ಚಿರುವಾಗ ಇಗ್ನಿಷನ್ ಹಾಕಿದರೆ ದೋಷದ ಕೋಡ್ ಉಳಿದುಬಿಡುತ್ತದೆ.

ಪಕ್ಕದ ಸೀಟು ತೆಗೆಯುವುದು, ಪಾಲಿಕಾರ್ಬೊನೇಟ್ ಗಾಜು ಹಾಕುವುದು, ಬಂಪರ್ ಒಳಗಿನ ಅಡ್ಡಪಟ್ಟಿ ತೆಗೆಯುವುದು: ಮೂರೂ ಬೇಡ. ಆರ್‌ಸಿಯಲ್ಲಿ ಎರಡು ಆಸನ ಎಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ 182ಎ ಕಲಮಿನಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಚಕ್ರ, ಸೀಟು ಬದಲಿಸಿದರೆ ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿ, ಒಪ್ಪಿಗೆಯನ್ನು ಪಾಲಿಸಿಯ ಮೇಲೆ ಎಂಡಾರ್ಸ್ ಮಾಡಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಕ್ಲೇಮಿನ ದಿನ ನಿಲ್ಲುವುದಿಲ್ಲ.

2 ಕೆ.ಜಿ.ಯ ಬೆಂಕಿ ಆರಿಸುವ ಸಿಲಿಂಡರ್ ಲೋಹದ ಬ್ರಾಕೆಟ್ಟಿನಲ್ಲಿ ಕಟ್ಟಿಸಿ. ಆ ತೂಕ ಗಾಡಿಯಲ್ಲಿ ಇರಲೇಬೇಕು.

ಜೇವರ್ಗಿ_ಕ್ರಾಸ್, ಕಲಬುರಗಿ

ಭಾಳ ಉಪಕಾರ ಆಯ್ತ್ರಿ ಎಲ್ಲಾರಿಂದ. 40ಕ್ಕ ಗುರಿ ಇಳಸ್ತೀನಿ. ಚಕ್ರ ಈಗ 19 ಇಂಚು, ಟೈರ್ 235/40 ಮುಂದ, 265/40 ಹಿಂದ (ಮೊದಲನೇ ಅಂಕಿ ಅಗಲ ಮಿ.ಮೀ.ನ್ಯಾಗ, ಎರಡನೇದು ಗೋಡಿ ಎತ್ತರ ಅದರ ಶೇಕಡಾ ಎಷ್ಟು ಅಂತ). ಟೈರ್ ಸಹಿತ ಮುಂದಿನದು 21.4, ಹಿಂದಿನದು 24.8 ಕೆ.ಜಿ. ಬಂತು. 18 ಇಂಚಿಗೆ ಇಳಿದ್ರ ಬ್ರೇಕ್ ಕ್ಯಾಲಿಪರ್ (ಡಿಸ್ಕ್ ಹಿಡಿಯೋ ಇಕ್ಕಳ) ತಾಗ್ತದೇನ್ರಿ? ಇನ್ನೊಂದು, ನಾಲ್ಕು ಗಾಲಿ ಕೆಳಗ ಇಡೋ ತಕ್ಕಡಿ ಬಾಡಿಗೆಗೆ ಸಿಗೋದದ. ಮನೆ ಶೆಡ್ಡಿಗೆ ಹಾಕಿದ್ದು ಶಹಾಬಾದ್ ಕಲ್ಲು. ಅದರ ಮ್ಯಾಲ ತೂಗಬಹುದೋ?

ಬೀದರ್_ವರ್ಕ್‌ಶಾಪ್

2 ಲೀಟರ್ ಗಾಡಿಗೆ ಕಂಪನಿಯೇ 18 ಇಂಚು ಕೊಟ್ಟಿತ್ತು, ಮುಂದ 235/45, ಹಿಂದ 265/45. ಹಂಗಾಗಿ ಬ್ರೇಕಿಗೆ ತಾಗೋದಿಲ್ಲ. ಆದ್ರ ಬ್ಯಾರೆಯವರ ಚಕ್ರ ತಗೊಂಡ್ರ ಅರೆ (ಸ್ಪೋಕ್) ಒಳಗ ಬಾಗಿರ್ತಾವ, ಒಂದು ಚಕ್ರ ಹಾಕಿ ಕೈಲೆ ತಿರುಗಿಸಿ ನೋಡಿದ ಮ್ಯಾಲೇ ರೊಕ್ಕ ಕೊಡ್ರಿ. 18ರಾಗ ಟೈರಿನ ಗೋಡಿ ದಪ್ಪ ಇರ್ತದ, ನಮ್ಮ ಕಡಿ ತಗ್ಗಿಗೆ ರಿಮ್ ಉಳೀತದ.

ಫೋರ್ಜ್ ಮಾಡಿದ (ಒತ್ತಿ ಬಡಿದು ರೂಪ ಕೊಟ್ಟ) ಅಲ್ಯೂಮಿನಿಯಂ ಅಷ್ಟೇ ತಗೋರಿ. ಮೆಗ್ನೀಸಿಯಂ ಬ್ಯಾಡ, ಒಂದು ಕಲ್ಲು ಬಡಿದು ಬಣ್ಣ ಕಿತ್ತ ಜಾಗದಿಂದ ತಿನ್ನಾಕ ಶುರು ಮಾಡ್ತದ. ಐದು ಬೋಲ್ಟು, ಅವು ಕೂಡೋ ವೃತ್ತ 130 ಮಿ.ಮೀ., ನಡುವಿನ ತೂತು 71.6 ಮಿ.ಮೀ. ತೂತು ದೊಡ್ಡದಿದ್ರ ರಿಂಗ್ ಹಾಕ್ದ ಓಡಿಸಬ್ಯಾಡ್ರಿ, ನಡುಗ್ತದ. ಚಕ್ರದ ಮ್ಯಾಲ ಕೆತ್ತಿದ ಭಾರ ಹೊರೋ ಅಂಕಿ ಓದ್ರಿ. ಅದು ಇಲ್ಲದ ಚಕ್ರ ಎಷ್ಟು ಹಗುರ ಇದ್ರೂ ವಾಪಸ್ ಕೊಡ್ರಿ. ಬೋಲ್ಟು 160 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಿಂದ, 100 ಕಿ.ಮೀ. ಓಡಿಸಿ ಮತ್ತೊಮ್ಮೆ. ಗಾಲಿಗೆ ಎರಡೂವರೆ-ಮೂರು ಕೆ.ಜಿ. ಉಳಿಬೇಕು. ಟೈರ್ ಆರಿಸೋವಾಗಲೂ ತೂಕ ಕೇಳ್ರಿ, ಒಂದೇ ಅಳತಿಯ ಎರಡು ಕಂಪನಿ ಟೈರಿನ ನಡುವ ಒಂದು ಕೆ.ಜಿ. ಫರಕು ಸಾಮಾನ್ಯ. ಹಗುರ ಚಕ್ರ ಹಾಕಿದ ಮ್ಯಾಲ ಸ್ಟಿಯರಿಂಗ್ ನಡುಗಿದ್ರ ಮೊದಲ ರಿಮ್ಮಿನ ಒಳಮೈ ನೋಡ್ರಿ. ಅಂಗೈಯಷ್ಟು ಎರಿಮಣ್ಣು ಒಣಗಿ ಅಂಟಿದ್ರ ಬ್ಯಾಲೆನ್ಸ್ ಹೋಗಾಕ ಅಷ್ಟೇ ಸಾಕು.

ಶಹಾಬಾದ್ ಕಲ್ಲಿನ ಮ್ಯಾಲ ತೂಗಬಹುದು, ಆದ್ರ ಕಲ್ಲು ಕಲ್ಲಿಗೂ ಎತ್ತರ ಬ್ಯಾರೆ. ಗೌಂಡಿಯವರ ನೀರಿನ ಟ್ಯೂಬ್ ಲೆವೆಲ್ ತಗೊಂಡು ನಾಲ್ಕೂ ಗಾಲಿ ನಿಲ್ಲೋ ಜಾಗ ಅಳೀರಿ. ಟ್ಯೂಬಿನ್ಯಾಗ ಗಾಳಿಗುಳ್ಳಿ ಇರಬಾರದು. ಎತ್ತರದ ಜಾಗ ಹಂಗೇ ಬಿಟ್ಟು, ತಗ್ಗಿನ ಜಾಗದಾಗ ತಕ್ಕಡಿ ಕೆಳಗ ಅಲ್ಯೂಮಿನಿಯಂ ತಗಡು ಜೋಡಿಸಿ ಒಂದು ಮಿ.ಮೀ. ಒಳಗ ತರ್ರಿ. ಡ್ರೈವರ್ ಸೀಟಿನ್ಯಾಗ 75 ಕೆ.ಜಿ. ಉಸುಕಿನ ಚೀಲ, ಅರ್ಧ ಟ್ಯಾಂಕು, ಟೈರಿನ ಗಾಳಿ ಸಮ, ಸ್ಟಿಯರಿಂಗ್ ನೆಟ್ಟಗ. ಗಾಡಿ ಹತ್ತಿಸಿದ ಮ್ಯಾಲ ನಾಲ್ಕೂ ಮೂಲಿ ಒಂದೊಂದು ಸಲ ಒತ್ತಿ ಬಿಡ್ರಿ, ಸಸ್ಪೆನ್ಷನ್ ಕೂಡಲಿ. ಆಮ್ಯಾಲ ಅಂಕಿ ಬರ್ಕೋರಿ.

ಕಂಪನಿ ಸ್ಪ್ರಿಂಗಿಗೆ ಎತ್ತರ ಹೊಂದಿಸೋ ವ್ಯವಸ್ಥಾ ಇಲ್ಲ. ಹಂಗಾಗಿ ಎಡ-ಬಲ ಫರಕು ಕಂಡ್ರೂ ಈಗ ತಿದ್ದಾಕ ಆಗೋದಿಲ್ಲ, ಕಾಯ್ಲ್‌ಓವರ್ (ಎತ್ತರ ಹೊಂದಿಸೋ ಸ್ಪ್ರಿಂಗ್ ಜೋಡಣಿ) ಹಾಕೋ ದಿನಕ್ಕ ಆ ಅಂಕಿ ಇಟ್ಕೋರಿ.

ಭೀಮಾ_ದಂಡೆ, ಯಾದಗಿರಿ

ಒಂದು ಸೇರಿಸುವೆ. ಚಕ್ರ, ಡಿಸ್ಕ್ ಹಗುರವಾದರೆ ಗಾಡಿಯ ಎತ್ತರ ಬದಲಾಗುವುದಿಲ್ಲ, ಅವು ಸ್ಪ್ರಿಂಗಿನ ಕೆಳಗಿವೆ. ಬ್ಯಾಟರಿ, ಸೀಟು ಇಳಿದರೆ ಬದಲಾಗುತ್ತದೆ. ಮುಂದಿನ ಒಂದೊಂದು ಚಕ್ರದ ಬಳಿ ಬಿಗಿತ ಮಿ.ಮೀ.ಗೆ 30 ನ್ಯೂಟನ್ ಎಂದಿಟ್ಟುಕೊಂಡರೆ, ಮುಂದೆ 20 ಕೆ.ಜಿ. ಹೋದಾಗ ಮೂಗು 3 ಮಿ.ಮೀ. ಮೇಲೇಳುತ್ತದೆ. ಅಷ್ಟಕ್ಕೇ ಟೋ (ಚಕ್ರ ಒಳಕ್ಕೆ-ಹೊರಕ್ಕೆ ತಿರುಗಿ ನಿಂತ ಕೋನ) ಕದಲುತ್ತದೆ. ಆದ್ದರಿಂದ ಅಲೈನ್‌ಮೆಂಟ್ ಅನ್ನು ಚಕ್ರ ಹಾಕಿದ ದಿನವೇ ಮಾಡಿಸಬೇಡಿ. ಸೀಟು, ಬ್ಯಾಟರಿ ಎಲ್ಲ ಕೂತ ಮೇಲೆ, ಅದೇ ಉಸುಕಿನ ಚೀಲ ಸೀಟಿನಲ್ಲಿಟ್ಟು, ಅರ್ಧ ಟ್ಯಾಂಕಿನಲ್ಲಿ ಒಂದೇ ಸಲ ಮಾಡಿಸಿ.